ಕೈಜಾರಿದ ಕೋಲು

ವೇದಿಕೆಯ ಮೇಲೆ ಹಾಡುವವರ ಮುಖವನ್ನು ನೀವು ಗಮನಿಸಿರುತ್ತೀರಿ, ಕುಣಿಯುವವರ ಹೆಜ್ಜೆಯನ್ನು ಮೆಚ್ಚಿರುತ್ತೀರಿ. ಆದರೆ ಒಂದು ಬದಿಯಲ್ಲಿ ಕುಳಿತು ತಾಳವಾದ್ಯ ಬಾರಿಸುವವನ ಅಂಗೈ, ಪರದೆ ಸರಿಯುವ ಮುನ್ನ ಎಷ್ಟು ತಣ್ಣಗಾಗಿರುತ್ತದೆ ಎಂಬುದನ್ನು ಎಂದಾದರೂ ಯೋಚಿಸಿದ್ದೀರಾ? ಆ ತಣ್ಣನೆಯ ಅಂಗೈಯನ್ನು ನಾನು ಬಲ್ಲೆ. ಬಲ್ಲವನಾಗಿಯೂ ಅದನ್ನು ಮರೆತು ಒಬ್ಬ ಹುಡುಗನನ್ನು ನೋಯಿಸಿದೆ. ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕಾಗಿರುವುದು ಆ ಸಂಗತಿಯನ್ನೇ.

ನಾನು ಬೆಳೆದದ್ದು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅವನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯದಿಂದ ಈ ಊರು ನಾಡಿಗೆಲ್ಲ ಪರಿಚಿತ. ಹೆಸರಾಂತ ಶಿಲ್ಪಿ ರೂವಾರಿ ಮಲ್ಲಿತಮ್ಮ ಆರಂಭದ ದಿನಗಳಲ್ಲಿ ಕೆಲಸ ಮಾಡಿದ್ದು ಇಲ್ಲಿಯೇ. ಆ ಕೆತ್ತನೆಗಳ ಮುಂದೆ ನಿಂತಾಗಲೆಲ್ಲ ನನಗೊಂದು ಯೋಚನೆ ಬರುತ್ತಿತ್ತು. ಇಲ್ಲಿ ಒಮ್ಮೆ ಉಳಿ ಜಾರಿದ್ದರೆ ಆ ತಪ್ಪು ಎಂಟುನೂರು ವರ್ಷ ಉಳಿದುಬಿಡುತ್ತಿತ್ತು. ಡೊಳ್ಳಿನ ಮೇಲೆ ಬಿದ್ದ ತಪ್ಪು ಪೆಟ್ಟಾದರೋ ಮರುಗಳಿಗೆಯಲ್ಲಿ ಗಾಳಿಯಲ್ಲಿ ಕರಗಿಹೋಗುತ್ತದೆ. ಹಾಗಿದ್ದೂ ಡೊಳ್ಳಿನವನಿಗೆ ಅಷ್ಟೊಂದು ಭಯವೇಕೆ? ಉತ್ತರ ತಿಳಿಯಲು ತಡವಾಗಲಿಲ್ಲ. ಶಿಲ್ಪಿಯ ಉಳಿಯ ಸದ್ದಿಗೆ ಯಾರೂ ಹೆಜ್ಜೆ ಹಾಕುವುದಿಲ್ಲ. ಡೊಳ್ಳಿನವನ ಪೆಟ್ಟನ್ನು ನಂಬಿ ಹತ್ತು ಮಂದಿ ಕಾಲೆತ್ತಿರುತ್ತಾರೆ.

ತಾಳವಾದ್ಯಗಾರರ ಭಯಗಳಿಗೆ ಲೆಕ್ಕವಿಲ್ಲ. ಮೃದಂಗದವರು ಕಚೇರಿಗೆ ಮುನ್ನ ಎಡಭಾಗಕ್ಕೆ ರವೆಯ ಕಣಕ ಹಚ್ಚುತ್ತಾರೆ. ಅದು ಒಣಗಿದರೆ ನಾದ ಕೆಡುತ್ತದೆ. ತನಿ ಆವರ್ತನದಲ್ಲಿ ಮೂರು ಸಲ ಸುತ್ತಿ ಬಂದ ಮುಕ್ತಾಯ ಅರ್ಧ ಅಕ್ಷರ ಹಿಂದುಮುಂದಾದರೂ ಹಾಡುಗಾರರು ಪಲ್ಲವಿ ಹಿಡಿಯಲು ತಡವರಿಸುತ್ತಾರೆ. ಘಟವನ್ನು ಮೇಲಕ್ಕೆಸೆದು ತಾಳಕ್ಕೆ ಸರಿಯಾಗಿ ಹಿಡಿಯುವವರ ಧೈರ್ಯವನ್ನು ನೆನೆದರೆ ಇಂದಿಗೂ ನನ್ನೆದೆ ನಡುಗುತ್ತದೆ. ತಮಟೆಯವರು ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿಕೊಂಡೇ ಹೊರಡುತ್ತಾರೆ. ಚರ್ಮದ ವಾದ್ಯಗಳಿಗೆಲ್ಲ ತೇವವೇ ಶತ್ರು. ಇವೆಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಎದೆಯೊಳಗೇ ಇದೆ. ಭಯದಿಂದ ಎದೆಬಡಿತ ಏರಿದಾಗ ಕೈಯೂ ತನಗೆ ತಿಳಿಯದೆಯೇ ಓಡತೊಡಗುತ್ತದೆ. ಬಾರಿಸುವವನಿಗೆ ತನ್ನ ಲಯ ಸರಿಯಾಗಿದೆ ಎಂದೇ ಅನಿಸುತ್ತಿರುತ್ತದೆ.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆ ಡೊಳ್ಳಿನ ಸೀಮೆ. ಕುರುಬ ಸಮುದಾಯದವರು ಬೀರೇಶ್ವರನ ಆರಾಧನೆಯಲ್ಲಿ ಬೆಳೆಸಿಕೊಂಡು ಬಂದ ಈ ಕಲೆಯನ್ನು ಹೈಸ್ಕೂಲಿನ ದಿನಗಳಲ್ಲಿ ನನಗೂ ಕಲಿಸಿದವರು ನಮ್ಮೂರಿನ ಒಬ್ಬ ಹಿರಿಯರು. ಒಂದು ಕೈಯಲ್ಲಿ ಕೋಲು, ಮತ್ತೊಂದು ಕೈ ಬರಿದು, ಸೊಂಟಕ್ಕೆ ಬಿಗಿದ ಡೊಳ್ಳಿನ ಭಾರ; ಅದನ್ನು ಹೊತ್ತುಕೊಂಡೇ ಕುಣಿಯಬೇಕು. ಪಕ್ಕದ ಊರಿನ ವೇದಿಕೆಯಲ್ಲಿ ನನ್ನ ಮೊದಲ ಪ್ರದರ್ಶನ. ಸಂಜೆ ತುಂತುರು ಮಳೆ ಬಿದ್ದು ಡೊಳ್ಳಿನ ಚರ್ಮ ಸಡಿಲವಾಗಿತ್ತು. ಸದ್ದು ಮಂಕಾಗಿದೆ ಎಂದು ಗಾಬರಿಗೊಂಡು ನಾನು ಬಲವಾಗಿ ಬಡಿಯತೊಡಗಿದೆ. ಬೆವರಿದ ಕೈಯಿಂದ ಕೋಲು ಜಾರಿ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಕ್ಕಳ ನಡುವೆ ಹೋಗಿ ಬಿತ್ತು. ಸಭೆ ಗೊಳ್ಳೆಂದು ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಆಗ ಪಕ್ಕದಲ್ಲಿ ಕುಣಿಯುತ್ತಿದ್ದ ಆ ಹಿರಿಯರು ಹೆಜ್ಜೆ ತಪ್ಪಿಸದೆ ನನ್ನ ಬಳಿಗೆ ಸರಿದು, ತಮ್ಮ ಕೋಲನ್ನು ನನ್ನ ಕೈಗಿಟ್ಟು, ಪ್ರದರ್ಶನ ಮುಗಿಯುವವರೆಗೂ ಬರಿಗೈಯಲ್ಲಿಯೇ ಬಾರಿಸಿದರು. ಕೆಳಗಿಳಿದ ಮೇಲೆ ಬೈಗುಳಕ್ಕಾಗಿ ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. "ಕೋಲು ಬಿದ್ರೆ ಬೀಳ್ಲಿ ಮಗಾ, ಕಿವಿ ಬೀಳ್ಬಾರ್ದು. ನೀನು ನಿನ್ನ ಸದ್ದನ್ನೇ ಕೇಳ್ತಿದ್ದೆ, ನಮ್ಮದನ್ನ ಕೇಳ್ಲಿಲ್ಲ" ಎಂದಷ್ಟೇ ಹೇಳಿ, ನನ್ನ ಡೊಳ್ಳನ್ನೂ ತಾವೇ ಹೊತ್ತುಕೊಂಡು ನಡೆದರು.

ಆ ಮಾತಿನ ಸತ್ಯವನ್ನು ಬಹಳ ವರ್ಷಗಳ ನಂತರ ದೂರದ ಅಮೆರಿಕದ ಒಂದು ಘಟನೆಯಲ್ಲಿ ಕಂಡೆ. 1973ರ ನವೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಕೌ ಪ್ಯಾಲೇಸ್ ಸಭಾಂಗಣದಲ್ಲಿ 'ದ ಹೂ' ಎಂಬ ಪ್ರಖ್ಯಾತ ತಂಡದ ಕಾರ್ಯಕ್ರಮ. ಅದರ ಡ್ರಮ್ ವಾದಕ ಕೀತ್ ಮೂನ್ ಮಾದಕ ವಸ್ತುವಿನ ಅಮಲಿನಲ್ಲಿ ವೇದಿಕೆಯಲ್ಲಿಯೇ ಕುಸಿದುಬಿದ್ದ. ಡ್ರಮ್ ಬಾರಿಸಬಲ್ಲವರು ಯಾರಾದರೂ ಇದ್ದೀರಾ ಎಂದು ತಂಡದ ಗಿಟಾರ್ ವಾದಕ ಸಭೆಯನ್ನೇ ಕೇಳಬೇಕಾಯಿತು. ಟಿಕೆಟ್ ಪಡೆದು ಕೇಳಲು ಬಂದಿದ್ದ ಸ್ಕಾಟ್ ಹಾಲ್ಪಿನ್ ಎಂಬ 19 ವರ್ಷದ ಯುವಕ ವೇದಿಕೆ ಏರಿ ಉಳಿದ ಹಾಡುಗಳಿಗೆ ಬಾರಿಸಿದ. ಅವರೊಡನೆ ಅವನು ಒಂದು ದಿನವೂ ಅಭ್ಯಾಸ ಮಾಡಿದವನಲ್ಲ. ಅಂದು ಅವನನ್ನು ಕಾಪಾಡಿದ್ದು ಕಿವಿಯೇ ಇರಬೇಕು ಎಂದು ನನಗನಿಸುತ್ತದೆ.

ಇಷ್ಟೆಲ್ಲ ತಿಳಿದಿದ್ದ ನಾನು ಮಾಡಿದ್ದೇನು? ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ಸಂಜೆಯ ಗಾಯನಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ತಬಲಾಕ್ಕೆ ಹದಿಮೂರು ವರ್ಷದ ಒಬ್ಬ ಹುಡುಗ. ಅಭ್ಯಾಸದಲ್ಲಿ ಒಂದು ದಿನವೂ ತಪ್ಪದವನು ಅಂದು ಜನಜಂಗುಳಿಯನ್ನು ಕಂಡು ಬೆದರಿ ಲಯವನ್ನು ಓಡಿಸಿದ. ಹಾಡುವ ಮಕ್ಕಳಿಗೆ ಉಸಿರು ಸಾಲದೆ ಗೀತೆ ನಡುವೆಯೇ ನಿಂತಿತು. ಪರದೆಯ ಹಿಂದೆ, ಅವನ ತಂದೆ-ತಾಯಿಯ ಎದುರಿನಲ್ಲಿಯೇ, "ಎಲ್ಲರ ಮಾನ ಕಳೆದೆಯಲ್ಲೋ!" ಎಂದುಬಿಟ್ಟೆ. ಹುಡುಗ ಏನೂ ಹೇಳಲಿಲ್ಲ. ತಬಲಾಕ್ಕೆ ಬಟ್ಟೆ ಹೊದಿಸಿದ. ಆಮೇಲೆ ಅದನ್ನು ಮುಟ್ಟಲಿಲ್ಲ.

ಆ ರಾತ್ರಿ ಅವನೂ ತನ್ನ ಸದ್ದನ್ನಷ್ಟೇ ಕೇಳಿಸಿಕೊಂಡಿದ್ದ, ನಿಜ. ಆದರೆ ನಾನು ಕೇಳಿಸಿಕೊಂಡದ್ದಾದರೂ ಯಾರನ್ನು? ನನ್ನ ಮಾನವನ್ನು ಮಾತ್ರ. ಹಿರಿಯರು ತಮ್ಮ ಕೋಲನ್ನೇ ಕೊಟ್ಟಿದ್ದರು. ನಾನು ಅವನ ಕೈಯಲ್ಲಿದ್ದುದನ್ನೂ ಕಸಿದುಕೊಂಡೆ. ಇದು ಮನಸ್ಸಿಗೆ ನಾಟಲು ನನಗೆ ಎರಡು ವರ್ಷ ಬೇಕಾಯಿತು.

ಒಂದು ಭಾನುವಾರ ಅವನ ಮನೆಗೆ ಹೋದೆ. ತಾಯಿ ಕಾಫಿ ಕೊಟ್ಟರು. ಹುಡುಗ ಬಾಗಿಲ ಬಳಿಯೇ ನಿಂತಿದ್ದ. "ತಪ್ಪು ನಂದು ಕಣಪ್ಪಾ, ಅವತ್ತು ನಿನ್ನ ಬೈಬಾರ್ದಿತ್ತು" ಎಂದೆ. ಮುಂದೆ ಮಾತು ತೋಚದೆ, ಮಳೆಗೆ ಸಡಿಲವಾದ ಡೊಳ್ಳಿನ, ಮಕ್ಕಳ ನಡುವೆ ಹೋಗಿ ಬಿದ್ದ ಕೋಲಿನ ಕಥೆ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವನು ಬಹಳ ಹೊತ್ತು ನೆಲ ನೋಡುತ್ತಿದ್ದು, ಕೊನೆಗೆ ತಲೆಯೆತ್ತಿ, "ನಿಜವಾಗ್ಲೂ ಬಿದ್ದಿತ್ತಾ ಮೇಷ್ಟ್ರೇ? ಎಲ್ಲಾರೂ ನಕ್ಕರಾ?" ಎಂದು ಕೇಳಿದ.

"ನಕ್ಕರು" ಎಂದೆ. ಅವನ ತುಟಿಯ ಮೇಲೂ ಸಣ್ಣ ನಗೆ ಮೂಡಿತು.

ಅವನು ಮತ್ತೆ ತಬಲಾ ಹಿಡಿದಾನೋ ಇಲ್ಲವೋ, ನಾನು ಒತ್ತಾಯಿಸಲಿಲ್ಲ. ಆದರೆ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಮಕ್ಕಳೂ ನಾಳೆ ವೇದಿಕೆ ಏರುತ್ತಾರೆ. ಯಾರದಾದರೂ ಕೈಯಿಂದ ಏನಾದರೂ ಜಾರಿಯೇ ಜಾರುತ್ತದೆ. ಆ ಗಳಿಗೆಯಲ್ಲಿ ನಿಮ್ಮ ಕೈಯಲ್ಲೊಂದು ಕೋಲಿದ್ದರೆ, ಅದನ್ನು ಎತ್ತಬೇಡಿ, ಕೊಟ್ಟುಬಿಡಿ.