ಷೋರೂಮಿಗೆ ಹೋದ ತಪ್ಪಲೆ

ಹೊಸ ಮನೆಗೆ ಬಾಗಿಲು ಇಡಿಸುವಾಗ ಜೋಯಿಸರನ್ನು ಕೇಳುತ್ತೇವೆ. ಬಣ್ಣ ಹಚ್ಚಿಸುವಾಗ ನಾವು ಕೇಳದಿದ್ದರೂ ನೆಂಟರೆಲ್ಲ ಹೇಳುತ್ತಾರೆ. ಅಡುಗೆಮನೆಯಲ್ಲಿ ಪ್ಲಗ್ ಪಾಯಿಂಟ್ ಎಲ್ಲಿರಬೇಕು, ಎಷ್ಟಿರಬೇಕು ಅನ್ನುವುದನ್ನು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಎಲೆಕ್ಟ್ರಿಷಿಯನ್ನನ ಮರ್ಜಿ. ಮುಂದೆ ಫ್ರಿಜ್ಜು ಎಲ್ಲಿ ನಿಲ್ಲಬೇಕು, ಮಿಕ್ಸಿ ಎಲ್ಲಿ ಕೂಗಬೇಕು ಎಂದು ನಮ್ಮ ಹಣೆಯಲ್ಲಿ ಬರೆಯುವ ಪುಣ್ಯಾತ್ಮ ಅವನೇ. ಬೆಂಗಳೂರಿನ ಹೊರಗಿನ ಬಡಾವಣೆಯೊಂದರಲ್ಲಿ ನಾವು ಕೊಂಡ ಫ್ಲ್ಯಾಟು ಕಟ್ಟಡದ ಕೊನೆಯ ಮಹಡಿಯದು. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಒಂದೇ ಒಂದು ಸಾಕೆಟ್ ಇತ್ತು. ಅದೂ ನನ್ನ ತಲೆಗಿಂತ ಒಂದು ಗೇಣು ಮೇಲೆ. ಎಂಥ ಎತ್ತರದ ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಾರೆಂದು ಬಿಲ್ಡರು ಎಣಿಸಿದ್ದರೋ ತಿಳಿಯದು.

ಆಯುಧಪೂಜೆಯ ಆಫರ್ ಇರುವಾಗಲೇ ಎಲ್ಲವನ್ನೂ ಒಟ್ಟಿಗೆ ಕೊಂಡುಬಿಡಬೇಕೆಂದು ನಮ್ಮ ಯಜಮಾನರ ಲೆಕ್ಕಾಚಾರ. ಷೋರೂಮಿನ ಹುಡುಗ ತುಂಬ ವಿನಯವಂತ. "ಎಷ್ಟು ಲೀಟರ್ ಬೇಕು ಸರ್? ಎಷ್ಟು ಕೆಜಿ? ಎಷ್ಟು ಸ್ಟಾರ್?" ಎಂದು ಶುರು ಮಾಡಿದ. ಷೋರೂಮಿನ ಅಳತೆಗಳು ಇವು. ಮನೆಯ ಅಳತೆಗಳು ಬೇರೆಯೇ ಇವೆ. ಎರಡು ಕದದ ಬೀರುವಿನಂತೆ ತೆರೆದುಕೊಳ್ಳುವ ಫ್ರಿಜ್ಜಿನ ಮುಂದೆ ಇವರು ಮೈಮರೆತು ನಿಂತಾಗ ನಾನು ಕೈಚೀಲದಿಂದ ಟೇಪು ತೆಗೆದು ಹಿಡಿದೆ. ಅಗಲ 91 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಮೂರಡಿ. ನಮ್ಮ ಅಡುಗೆಮನೆ ಬಾಗಿಲೂ ಹೇಳಿಕೆಗೆ ಮೂರಡಿಯದೇ. ಆದರೆ ಚೌಕಟ್ಟಿನ ಮರ ಕಳೆದರೆ ಉಳಿಯುವುದು ಅದಕ್ಕಿಂತ ಕಡಿಮೆ. "ಹಾಲಲ್ಲಿ ಇಟ್ಕೊಂಡ್ರೆ ಶೋ ಇರುತ್ತೆ ಮೇಡಂ" ಅಂದ ಹುಡುಗ. ಸೋಫಾದ ಪಕ್ಕದಲ್ಲಿ ಹುಳಿ, ಗೊಜ್ಜು ಇಟ್ಟುಕೊಳ್ಳುವಷ್ಟು ನಾವಿನ್ನೂ ಮುಂದುವರಿದಿರಲಿಲ್ಲ.

ನಿಜವಾದ ಪರೀಕ್ಷೆ ಮಾಡಿದ್ದು ನಮ್ಮ ಅತ್ತೆ. ಮನೆಯಿಂದ ಹೊರಡುವಾಗಲೇ ಬಟ್ಟೆಯ ಚೀಲದಲ್ಲಿ ಏನನ್ನೋ ಹಾಕಿಕೊಂಡಿದ್ದರು. ಷೋರೂಮಿನಲ್ಲಿ ಚೀಲದಿಂದ ಹೊರಬಂದದ್ದು ದೋಸೆ ಹಿಟ್ಟಿನ ಸ್ಟೀಲ್ ತಪ್ಪಲೆ, ಮುಚ್ಚಳ ಸಮೇತ. ಒಂದೊಂದು ಫ್ರಿಜ್ಜಿನ ಬಾಗಿಲು ತೆರೆಸಿ, ತಪ್ಪಲೆಯನ್ನು ಒಳಗಿಟ್ಟು, ಬಾಗಿಲು ಮುಚ್ಚಿಸಿ ನೋಡಿದರು. ನಾಚಿಕೆಯಾಗಿ ಇವರು ಟಿವಿಗಳ ಕಡೆ ಹೋಗಿಬಿಟ್ಟರು. ಆದರೆ ಅತ್ತೆಯ ಪರೀಕ್ಷೆಯಷ್ಟು ಶಾಸ್ತ್ರೀಯವಾದದ್ದು ಬೇರೊಂದಿಲ್ಲ. 250 ಲೀಟರ್ ಎಂದು ಬರೆದುಕೊಂಡ ಫ್ರಿಜ್ಜಿನಲ್ಲಿ ಅಷ್ಟೂ ಲೀಟರ್ ನಮ್ಮ ಬಳಕೆಗೆ ಸಿಗುವುದಿಲ್ಲ. ಒಟ್ಟು ಅಳತೆ ಬೇರೆ, ಬಳಸಲು ಸಿಗುವ ಅಳತೆ ಬೇರೆ. ಅದರಲ್ಲೂ ಒಂದು ಪಾಲು ಐಸ್ ಕ್ರೀಮಿಗೆಂದು ಮೇಲೆ ಹೋಗುತ್ತದೆ, ಇನ್ನೊಂದು ಬಾಗಿಲಿನ ಬಾಟಲಿಗಳಿಗೆ. ಗಾಜಿನ ತಟ್ಟೆಗಳ ನಡುವೆ ಉಳಿಯುವ ಎತ್ತರವೇ ನಮ್ಮ ಸಂಸಾರಕ್ಕೆ ದಕ್ಕುವುದು. ನೋಡಲು ಬಲು ಚೆಂದದ ಮೂರು ಫ್ರಿಜ್ಜುಗಳು ತಪ್ಪಲೆಯ ಮುಂದೆ ಸೋತವು. ಗೆದ್ದದ್ದರ ಬಣ್ಣ ಯಾರಿಗೂ ಇಷ್ಟವಿರಲಿಲ್ಲ. ಅದನ್ನೇ ತಂದೆವು.

ಇನ್ನು ಸ್ಟಾರು. ದೆಹಲಿಯ ಬ್ಯೂರೋ ಆಫ್ ಎನರ್ಜಿ ಎಫಿಷಿಯನ್ಸಿ 2006ರಲ್ಲಿ ಶುರುಮಾಡಿದ ಈ ಚೀಟಿಯಲ್ಲಿ ಜನ ಓದುವುದು ನಕ್ಷತ್ರಗಳನ್ನಷ್ಟೇ. ಓದಬೇಕಾದದ್ದು ಅದರಲ್ಲೇ ಇರುವ ವರ್ಷದ ಯೂನಿಟ್ಟು ಮತ್ತು ಚೀಟಿಯ ಅವಧಿ. ಆಗಾಗ ಪರೀಕ್ಷೆ ಕಠಿಣವಾಗುತ್ತದೆ. ನಿನ್ನೆಯ ಐದು ಸ್ಟಾರಿನ ಫ್ರಿಜ್ಜು ತಾನು ಕದಲದೆಯೇ ಇಂದು ನಾಲ್ಕಕ್ಕೋ ಮೂರಕ್ಕೋ ಇಳಿಯಬಹುದು. ಹಳೆಯ ಐದಕ್ಕಿಂತ ಹೊಸ ನಾಲ್ಕು ವಾಸಿಯಾಗಿರುವುದೂ ಉಂಟು. ನಮ್ಮ ರಾಜ್ಯದಲ್ಲಿ ಈ ಲೆಕ್ಕಕ್ಕೆ 2023ರ ಆಗಸ್ಟಿನಿಂದ ಇನ್ನೊಂದು ಎಳೆ ಸೇರಿದೆ. ಗೃಹಜ್ಯೋತಿ ಅಂದರೆ 200 ಯೂನಿಟ್ ಉಚಿತ ಎಂದು ಎಲ್ಲರ ಬಾಯಲ್ಲಿದೆ, ಆದರೆ ಸಿಗುವುದು ಅವರವರ ಹಿಂದಿನ ಬಳಕೆಗೆ ತಕ್ಕಷ್ಟು. ಹಿಂದಿನ ಬಳಕೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53, ಅದರ ಮೇಲೆ ಶೇ. 10, ಹೀಗೆ 58 ಯೂನಿಟ್ ಎಂದು ಗೊತ್ತುಮಾಡಿದರು. ವರ್ಷಕ್ಕೆ 200 ಯೂನಿಟ್ ಉಣ್ಣುವ ಫ್ರಿಜ್ಜು ತಿಂಗಳಿಗೆ ಹದಿನೇಳರಷ್ಟನ್ನು ತಾನೇ ನುಂಗುತ್ತದೆ. ಮೂರು ಕಿಲೋವ್ಯಾಟಿನ ಗೀಸರಿಗೆ ಒಂದು ಯೂನಿಟ್ ಮುಗಿಸಲು ಇಪ್ಪತ್ತೇ ನಿಮಿಷ ಸಾಕು. ಮನೆಯಲ್ಲಿ ದೀರ್ಘ ಸ್ನಾನದ ಅಭ್ಯಾಸವಿರುವ ಒಬ್ಬ ಮಗನಿದ್ದರೆ 58 ಎಲ್ಲಿಗೆ ಬಂತು?

ವಾಷಿಂಗ್ ಮಷಿನ್ನಿನ ವಿಷಯದಲ್ಲಿ ಜಗತ್ತು ಎರಡು ಪಂಗಡ: ಮೇಲಿಂದ ಬಟ್ಟೆ ಹಾಕುವವರು, ಮುಂದಿನಿಂದ ಹಾಕುವವರು. ಬೆನ್ನು ಬಗ್ಗಿಸಲಾರೆ ಎನ್ನುವವರೂ, ಒಂದು ಕಾಲುಚೀಲ ಮರೆತೆ, ಈಗಲೇ ಹಾಕಬೇಕು ಎನ್ನುವವರೂ ಮೊದಲ ಪಂಗಡ. ನೀರು ಕಡಿಮೆ ಸಾಕು, ಬಟ್ಟೆ ಸವೆಯುವುದಿಲ್ಲ ಎನ್ನುವವರು ಎರಡನೆಯದು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ನಿಂತವರ ಮನಸ್ಸು ಸಹಜವಾಗಿ ಎರಡನೆಯ ಕಡೆಗೆ ವಾಲುತ್ತದೆ, ನಮ್ಮದೂ ವಾಲಿತು. ಆದರೆ ನಮ್ಮ ಮನೆ ವಾಲಲಿಲ್ಲ. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಒಂದು ಬಾರ್ ಒತ್ತಡ. ಮಷಿನ್ನಿನ ಪುಸ್ತಕ ನೋಡಿದರೆ ಕೆಲವಕ್ಕೆ 0.3 ಬಾರ್ ಸಾಕು, ಕೆಲವು ಪೂರಾ ಒಂದು ಬಾರ್ ಕೇಳುತ್ತವೆ. ಕೊನೆಯ ಮಹಡಿಯ ನಮ್ಮ ನಲ್ಲಿಗೂ ತಾರಸಿಯ ಟ್ಯಾಂಕಿಗೂ ನಡುವೆ ಮೂರು ಮೀಟರ್ ಇದ್ದರೆ ಹೆಚ್ಚು. ಕೆಳಗಿನ ಮನೆಯವರು ಕಡಿಮೆ ದುಡ್ಡಿಗೆ ಕೊಂಡ ಫ್ಲ್ಯಾಟಿನಲ್ಲಿ ಯಾವ ಮಷಿನ್ನಾದರೂ ಓಡುತ್ತದೆ. ಗಾಳಿ ಬೆಳಕಿಗೆಂದು ಹೆಚ್ಚು ತೆತ್ತು ಮೇಲೆ ಹತ್ತಿದ ನಮಗೆ ನೀರು ದಾರವಾಗಿ ಇಳಿಯುತ್ತದೆ. 0.3 ಬಾರಿಗೆ ಒಪ್ಪುವ ಮಷಿನ್ನುಗಳಲ್ಲೇ ಒಂದನ್ನು ಆರಿಸಬೇಕಾಯಿತು.

ಅಷ್ಟಾದ ಮೇಲೆ ಬೋರ್‌ವೆಲ್ ನೀರಿನ ಪ್ರಶ್ನೆ. ಗಡಸುತನ ಅಳೆಯುವ ಪಟ್ಟಿ ತರಿಸೋಣ ಎಂದು ಇವರು ಫೋನು ತೆಗೆದರು. ಅತ್ತೆ ಅದನ್ನು ಆಗಲೇ ಅಳೆದಿದ್ದರು. "ತೊಗರಿಬೇಳೆ ನಾಲ್ಕು ಕೂಗಿಗೂ ಕರಗಿಲ್ಲ ಕಣೇ. ಬೇಳೆ ಬೇಯದ ನೀರಲ್ಲಿ ಬಟ್ಟೆ ಬೆಳ್ಳಗಾಗುತ್ಯೇ?" ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಬೇಳೆ ಬೇಯಲು ಒಲ್ಲದು, ಸೋಪು ನೊರೆ ಬಿಡದು, ನೀರು ಕಾಯಿಸುವ ಸುರುಳಿಯ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ಮೂರೂ ಒಂದೇ ಕಾಯಿಲೆ. ಷೋರೂಮಿನಲ್ಲಿ ಹದಿನೈದು ಬಗೆಯ ವಾಷ್ ತೋರಿಸಿದ ಹುಡುಗ ಈ ಹಕ್ಕಳೆಯ ಮಾತೆತ್ತಲಿಲ್ಲ. ಆಗಾಗ ಪುಡಿ ಹಾಕಿ ಖಾಲಿ ಮಷಿನ್ ಓಡಿಸಿ ಅದನ್ನು ಕರಗಿಸಬೇಕೆಂದು ಹೇಳಿದವನು ಡೆಮೊಗೆ ಬಂದವನು. ಸಾಗಾಟಕ್ಕೆಂದು ಹಿಂಬದಿಗೆ ಬಿಗಿದ ಬೋಲ್ಟುಗಳನ್ನು ಬಿಚ್ಚುತ್ತಾ, ಒಳಗೆ ಕಾಂಕ್ರೀಟಿನ ತೂಕ ಕೂರಿಸಿರುತ್ತಾರೆ, ಇಲ್ಲದಿದ್ದರೆ ಹಿಂಡುವಾಗ ಮಷಿನ್ನು ಕುಣಿಯುತ್ತದೆ ಎಂದೂ ಅವನೇ ತಿಳಿಸಿದ. ಅಂತೂ ಬಟ್ಟೆ ಒಗೆಯುವ ಕಲ್ಲು ಮನೆಯಿಂದ ಪೂರ್ತಿ ಹೋಗಿಲ್ಲ, ಮಷಿನ್ನಿನ ಹೊಟ್ಟೆ ಸೇರಿದೆ ಅಷ್ಟೆ. ಹೀಟರೇ ಸುಮಾರು 2000 ವ್ಯಾಟಿನದು. 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿಗೆ ಹತ್ತಿರ ಎಳೆಯುತ್ತದೆ. ಆಕಾಶದಲ್ಲಿದ್ದ ಆ ಸಾಕೆಟ್ಟು 6 ಆಂಪಿಯರಿನದು. ಹೊಸ ಗೋಡೆ ಒಡೆಸಿ, 16ರ ಸಾಕೆಟ್ಟು ಕೂರಿಸಿ, ಮತ್ತೆ ಬಣ್ಣ ಹಚ್ಚಿಸಿದೆವು. ಆ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ.

ಮಿಕ್ಸಿಯ ಬಗ್ಗೆ ಜಗಳವಿರಲಿಲ್ಲ, ಅಭಿಮಾನವಿತ್ತು. ನಮ್ಮ ಒಣಮೆಣಸಿನಕಾಯಿ, ಕೊಬ್ಬರಿ, ಅರಿಸಿನಕೊಂಬು ಹಣ್ಣಿನ ರಸಕ್ಕೆಂದು ಮಾಡಿದ ವಿದೇಶಿ ಮೋಟರುಗಳನ್ನು ಸುಟ್ಟುಹಾಕುತ್ತಿದ್ದ ಕಾಲವೊಂದಿತ್ತು. 1960ರ ದಶಕದಲ್ಲಿ ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್, ಹಾಗೆ ಸುಟ್ಟುಹೋದ ಹೆಂಡತಿಯ ಮಿಕ್ಸರು ನೋಡಿ ತಾವೇ ಗಟ್ಟಿ ಮೋಟರಿನದೊಂದನ್ನು ಮಾಡಿದರು. ಅದೇ ಸುಮೀತ್. ಗಂಡಂದಿರು ಹೆಂಡತಿಯ ದೂರನ್ನು ಕಿವಿಗೊಟ್ಟು ಕೇಳಿದರೆ ಏನೆಲ್ಲ ಆಗಬಹುದು ಎಂಬುದಕ್ಕೆ ನಾನು ಇವರಿಗೆ ಈ ಉದಾಹರಣೆ ಕೊಡುತ್ತಿರುತ್ತೇನೆ. ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಕೊಯಮತ್ತೂರಿನ ಪಿ. ಸಭಾಪತಿಯವರು ಒರಳಿಗೆ ಮೋಟರು ಕಟ್ಟಿ ಗ್ರೈಂಡರ್ ಮಾಡಿದ್ದರು. ಅಲ್ಲಿನ ಗ್ರೈಂಡರಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಮಿಕ್ಸಿ ಇದ್ದ ಮೇಲೆ ಗ್ರೈಂಡರ್ ಯಾಕೆ ಎಂದು ಮಗ ಕೇಳಿದ. ಮಿಕ್ಸಿಯ ಬ್ಲೇಡು ನಿಮಿಷಕ್ಕೆ 18,000 ಸುತ್ತಿನಂತೆ ಗಿರಕಿ ಹೊಡೆಯುತ್ತದೆ. ಉದ್ದನ್ನು ಕತ್ತರಿಸಿ ಬಿಸಿಮಾಡುತ್ತದೆಯೇ ಹೊರತು ಅರೆಯುವುದಿಲ್ಲ. ಕಲ್ಲು ನಿಧಾನವಾಗಿ ತಿರುಗಿ, ಹಿಟ್ಟಿಗೆ ಗಾಳಿ ಸೇರಿಸುತ್ತಾ, ತಣ್ಣಗೇ ಅರೆಯುತ್ತದೆ. ಇದಕ್ಕೆ ಬೇಕಾದದ್ದು 150 ವ್ಯಾಟು. ಇಡ್ಲಿ ತಿಂದ ಮೇಲೆ ಅವನು ಮತ್ತೆ ಆ ಪ್ರಶ್ನೆ ಎತ್ತಿಲ್ಲ. ಅತ್ತೆ ಮಾತ್ರ ಏಲಕ್ಕಿ, ಮೆಣಸಿಗೆಂದು ತಮ್ಮ ಕುಟ್ಟಾಣಿಯನ್ನು ಗ್ರೈಂಡರಿನ ಪಕ್ಕದಲ್ಲೇ ಪ್ರತಿಷ್ಠಾಪಿಸಿದ್ದಾರೆ. ಕರೆಂಟು ಹೋದಾಗ ಅವರ ಮುಖದಲ್ಲಿ ಸಣ್ಣ ಗೆಲುವು ಕಾಣುತ್ತದೆ.

ಚಿಮಣಿಯ ಬಗ್ಗೆ ಹೆಚ್ಚು ಹೇಳಲಾರೆ. ಅದು ಸದ್ದು ಮಾಡುತ್ತದೆ, ನಮ್ಮ ಒಗ್ಗರಣೆಯ ಘಾಟನ್ನು ಪಕ್ಕದವರ ಬಾಲ್ಕನಿಗೆ ತಲುಪಿಸುತ್ತದೆ.

ಗೃಹಪ್ರವೇಶದ ದಿನ ಗ್ಯಾಸ್ ಸಂಪರ್ಕ ಇನ್ನೂ ಬಂದಿರಲಿಲ್ಲ. ಇಂಡಕ್ಷನ್ ಒಲೆಯ ಮೇಲೆ ಹಾಲುಕ್ಕಿಸೋಣವೆಂದರು. ಹಾಲು ಉಕ್ಕಿದ್ದೇ ತಡ, ಸ್ವಿಚ್ಚಿನ ಗಾಜಿನ ಮೇಲೆ ಹರಿಯಿತು. ಒಲೆ ಕುಂಯ್ ಎಂದು ಚೀರಿ ಆರಿಹೋಯಿತು. ಉಕ್ಕಿದರೆ ಅನಾಹುತ ಎಂದು ನಂಬಿದ ಯಂತ್ರಕ್ಕೆ, ಉಕ್ಕದಿದ್ದರೆ ಅನಾಹುತ ಎಂದು ನಂಬಿದ ಜನರ ನಡುವೆ ಏನು ಮಾಡಬೇಕೋ ತೋಚಲಿಲ್ಲ. ಪುರೋಹಿತರು "ಉಕ್ಕಿತಲ್ಲ, ಸಾಕು" ಎಂದು ಮುಂದಿನ ಮಂತ್ರಕ್ಕೆ ಹೋದರು.

ಉಳಿದಿರುವುದು ಪಾತ್ರೆ ತೊಳೆಯುವ ಮಷಿನ್ನು. 2025ರ ಸೆಪ್ಟೆಂಬರಿನಲ್ಲಿ ಡಿಶ್‌ವಾಷರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗಿನಿಂದ ಇವರು ಅದರ ಜಪ ಹಿಡಿದಿದ್ದಾರೆ. ಹತ್ತು ಹನ್ನೆರಡು ಲೀಟರಿನಲ್ಲಿ ಒಂದು ರಾಶಿ ಪಾತ್ರೆ ಮುಗಿಯುತ್ತದೆ. ನಲ್ಲಿ ಬಿಟ್ಟುಕೊಂಡು ತೊಳೆದರೆ ಅದರ ಎಷ್ಟೋ ಪಟ್ಟು ಬೇಕು ಎಂದು ಕಾಗದದ ಮೇಲೆ ಬರೆದು ತೋರಿಸಿದರು. ನಮ್ಮ ಗಡಸು ನೀರಿಗೆ ಅದರ ಹೊಟ್ಟೆಗೆ ಬೇರೆ ಉಪ್ಪು ಸುರಿಯುತ್ತಿರಬೇಕು ಎಂದು ನಾನು ನೆನಪಿಸಿದೆ. ಸಿಂಕಿನ ಮುಂದಿದ್ದ ಮನೆಗೆಲಸದಾಕೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಅಕ್ಕ, ಅದರೊಳಗೆ ಇಡೋಕೆ ಮುಂಚೆ ಪಾತ್ರೇಲಿರೋ ಅನ್ನ, ಪಲ್ಯ ಎಲ್ಲ ಬಳಿದು ತೆಗೀಬೇಕಾ?"

"ತೆಗೀಬೇಕಮ್ಮ."

"ತಳ ಹಿಡಿದ ಹಾಲಿನ ಪಾತ್ರೆ?"

"ಅದನ್ನ ಮೊದಲು ನೆನೆಹಾಕಬೇಕು."

"ಕಬ್ಬಿಣದ ಹಂಚು, ಹಿತ್ತಾಳೆ ದೀಪ, ಮರದ ಸೌಟು?"

"ಅವನ್ನ ಅದಕ್ಕೆ ಹಾಕೋಹಾಗಿಲ್ಲ."

ಆಕೆ ಕೈ ಒರೆಸಿಕೊಂಡು, "ಹಾಗಾದ್ರೆ ಕೊಂಡ್ಕೊಳ್ಳಿ ಅಕ್ಕ, ನನ್ನದೇನೂ ಅಡ್ಡಿಯಿಲ್ಲ" ಅಂದಳು.