ಗೆದ್ದವ ಸೋತ, ಸೋತವ ಸತ್ತ

ಕೋರ್ಟು ಹತ್ತಿದವರನ್ನು ಕುರಿತು ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯಿದೆ. ಕನ್ನಡ ಪಾಠ ಹೇಳುವ ನನಗೆ ಅದರ ಅರ್ಥ ಬಿಡಿಸುವುದು ಕಷ್ಟವಲ್ಲ. ಆದರೆ ಅದರೊಳಗೊಂದು ಗಣಿತವೂ ಇದೆಯೆಂದು ತೋರಿಸಿಕೊಟ್ಟದ್ದು ಕಾವ್ಯವಲ್ಲ, ಚಿಗರಿ.

ನಮ್ಮ ಮೋಟೆಬೆನ್ನೂರಿಗೆ ರಾಣೆಬೆನ್ನೂರು ದೂರವಲ್ಲ. ಅಲ್ಲಿ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ. ಗಂಡು ಚಿಗರಿಯ ತಿರುಚುಗೊಂಬು ಹೊಟ್ಟೆ ಬಗೆಯಬಲ್ಲ ಆಯುಧ. ಆದರೂ ಎರಡು ಗಂಡುಗಳು ಎದುರಾದರೆ ಹೆಚ್ಚಿನ ಸಲ ತಲೆಯೆತ್ತಿ ಬಿಂಕದಿಂದ ನಡೆಯುತ್ತವೆ, ಮೀರಿದರೆ ಕೊಂಬಿಗೆ ಕೊಂಬು ಸಿಕ್ಕಿಸಿ ನೂಕಾಡುತ್ತವೆ, ಸಾಕೆನಿಸಿದ್ದು ಓಡುತ್ತದೆ. ಕುಲ ಉಳಿಯಲೆಂದು ಹೀಗೆ, ಎಂದು ಹಿಂದೆ ಹೇಳುತ್ತಿದ್ದರು. ಆದರೆ ನಿಸರ್ಗದ ಆಯ್ಕೆ ಕುಲದ ಖಾತೆ ಬರೆಯುವುದಿಲ್ಲ. ಇರಿಯುವ ಗಂಡಿಗೆ ಮರಿ ಹೆಚ್ಚಾದರೆ ಕೆಲವು ತಲೆಮಾರುಗಳಲ್ಲಿ ಎಲ್ಲವೂ ಇರಿಯುವವೇ ಆಗಬೇಕಿತ್ತು. ಏಕಾಗಲಿಲ್ಲ?

ಇದಕ್ಕೆ ಉತ್ತರವಾಗಿ 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಆಟದ ಸಿದ್ಧಾಂತವನ್ನು ಪ್ರಾಣಿಗಳ ಜಗಳಕ್ಕೆ ತಂದರು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪೌರರೇ ಆದ ಹಾಲ್ಡೇನರ ಶಿಷ್ಯ ಈ ಸ್ಮಿತ್.

ಅವರ ಲೆಕ್ಕ ಸುಲಭ. ಗಿಡುಗ, ಪಾರಿವಾಳ ಎಂಬ ಎರಡು ಸ್ವಭಾವಗಳಿವೆಯೆನ್ನಿ. ಗಿಡುಗ ಗಾಯವಾಗುವತನಕ ಕಾದುತ್ತದೆ; ಪಾರಿವಾಳ ಬೆದರಿಸಿ ನೋಡಿ, ಎದುರಾಳಿ ಏರಿಬಂದರೆ ಜಾಗ ಬಿಡುತ್ತದೆ. ಗೆಲುವಿನ ಬೆಲೆ 4, ಗಾಯದ ನಷ್ಟ 10 ಎಂದಿಟ್ಟುಕೊಳ್ಳಿ. ಗಿಡುಗಕ್ಕೆ ಗಿಡುಗ ಸಿಕ್ಕರೆ ಸರಾಸರಿ ತಲಾ 3 ನಷ್ಟ. ಇದೇ ನಮ್ಮ ಗಾದೆ. ಗಿಡುಗಕ್ಕೆ ಪಾರಿವಾಳ ಸಿಕ್ಕರೆ ಗಿಡುಗಕ್ಕೆ 4, ಪಾರಿವಾಳಕ್ಕೆ ಸೊನ್ನೆ. ಪಾರಿವಾಳಗಳೆರಡು ಸೇರಿದರೆ ಸರಾಸರಿ ತಲಾ 2. ಬರಿಯ ಪಾರಿವಾಳಗಳ ನಡುವೆ ಗಿಡುಗವೊಂದು ಹುಟ್ಟಿದರೆ ಅದಕ್ಕೆ ಹಬ್ಬ. ಬರಿಯ ಗಿಡುಗಗಳ ನಡುವೆ ಪಾರಿವಾಳವೇ ಜಾಣ. 100ಕ್ಕೆ 40 ಗಿಡುಗಗಳಾದಾಗ ಎರಡರ ಗಳಿಕೆಯೂ ಒಂದೇ ಆಗಿ ತಕ್ಕಡಿ ನಿಲ್ಲುತ್ತದೆ. ಪ್ರಾಣಿಗೆ ಕೂಡಿಸಿ ಕಳೆಯಲು ಬರಬೇಕಾಗಿಲ್ಲ. ಹುಟ್ಟು ಸಾವುಗಳೇ ಈ ಲೆಕ್ಕ ಮಾಡುತ್ತವೆ.

ಈ ಲೆಕ್ಕ ನನ್ನನ್ನು ಹಿಡಿದದ್ದಕ್ಕೆ ಕಾರಣವಿದೆ. ನಮ್ಮ ಮೆಣಸಿನಕಾಯಿ ಹೊಲದ ಬದು ವರ್ಷಕ್ಕೊಂದು ಸಾಲು ಒಳಗೆ ಸರಿಯುತ್ತಿದೆ. ಆಚೆಯವರು ಸಂಬಂಧದಲ್ಲಿ ಕಾಕಾ. ‘ಕೇಸ್ ಹಾಕೋಣು’ ಎನ್ನುತ್ತಾನೆ ತಮ್ಮ. ‘ಒಂದ್ ಸಾಲಿಗೆ ಜೀವಾ ಹೋಗೂದಿಲ್ಲ, ಬಿಡೋ’ ಎನ್ನುತ್ತಾಳೆ ಅವ್ವ. ತಮ್ಮನ ಮಾತು ಕೇಳಿದರೆ ಗಾದೆ ನಿಜವಾದೀತು. ಅವ್ವನ ಮಾತು ಕೇಳಿದರೆ ಬದು ನಿಲ್ಲದು.

ಸ್ಮಿತ್ ಮೂರನೆಯ ಸ್ವಭಾವವೊಂದನ್ನೂ ಹೇಳಿದ್ದಾರೆ: ತನ್ನ ನೆಲದಲ್ಲಿ ಗಿಡುಗ, ಪರರ ನೆಲದಲ್ಲಿ ಪಾರಿವಾಳ. ಗೆಲುವಿಗಿಂತ ಗಾಯ ದೊಡ್ಡದಾದಲ್ಲಿ ಇದು ಒಮ್ಮೆ ನೆಲೆಯೂರಿದರೆ ಉಳಿದೆರಡೂ ಅದನ್ನು ಕದಲಿಸಲಾರವು. ಆದರೆ ಯಾವುದು ಯಾರ ನೆಲವೆಂಬುದು ಇಬ್ಬರಿಗೂ ಗೊತ್ತಿರಬೇಕು. ಗಂಡು ಚಿಗರಿ ಹಿಕ್ಕೆಯ ಗುಡ್ಡೆ ಹಾಕಿ ತನ್ನ ನೆಲವನ್ನು ಸಾರುತ್ತದೆ. ನಮ್ಮ ಹಿರಿಯರು ಕಲ್ಲು ನೆಟ್ಟರು. ಆ ಕಲ್ಲು ಕಾಣದಾದ ದಿನ ಇಬ್ಬರೂ ಒಡೆಯರು, ಇಬ್ಬರೂ ಗಿಡುಗಗಳು.

ಆದ್ದರಿಂದ ನಾನು ವಕೀಲರಲ್ಲಿಗೆ ಹೋಗದೆ ಹದ್ದುಬಸ್ತಿಗೆ ಅರ್ಜಿ ಕೊಟ್ಟೆ. ಕೊಡುವ ಮುನ್ನ ಕಾಕಾನ ಮನೆಗೆ ಹೋಗಿ, ‘ಅಳತಿ ದಿವಸ ನೀವೂ ಬರ್ರಿ ಕಾಕಾ, ಕಲ್ಲ ಎಲ್ಲಿ ಬಿದ್ದರೂ ಇಬ್ಬರೂ ಒಪ್ಪೋಣು’ ಎಂದೆ. ಅವರು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕುಳಿತು, ‘ಕಲ್ಲಿನ ಖರ್ಚ ಅರ್ಧಾ ನಂದು’ ಎಂದರು. ಅಳತೆ ಇನ್ನೂ ಆಗಿಲ್ಲ. ಸಾಲೊಂದು ನನ್ನ ಕೈಯಿಂದಲೇ ಹೋದೀತೆಂಬ ಅಂಜಿಕೆಯೂ ಇಲ್ಲದಿಲ್ಲ. ಆದರೂ ಚಿಗರಿಯ ಆಟದಲ್ಲಿಲ್ಲದ ಒಂದು ನಡೆ ನಮಗಿದೆ: ಕಾದುವ ಮೊದಲು ಕೂತು ಮಾತಾಡುವುದು.