ಮಿಶಿಗನ್ ಸರೋವರದಲ್ಲಿ ಅಜ್ಜನ ಬೋಲ್ಟು

ಮಿಶಿಗನ್ ಸರೋವರವನ್ನು ಮೊದಲ ಸಲ ಕಂಡಾಗ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿಕೊಂಡೆ. ಉಪ್ಪಿರಲಿಲ್ಲ. ಕುಂದಾಪುರದ ಕಡಲ ಸದ್ದು ಕೇಳಿ ಬೆಳೆದ ನನಗೆ, ಎದುರು ದಡವೇ ಕಾಣದ, ಅಲೆ ಬಡಿಯುವ ನೀರು ಸಿಹಿ ಎಂದರೆ ನಂಬುವುದು ಕಷ್ಟವಾಯಿತು. "ಅಪ್ಪಾ, ಅದನ್ನೆಲ್ಲಾ ಕುಡೀಬೇಡಿ" ಎಂದು ಮಗಳು ಗದರಿದಳು. ಒಂಬತ್ತು ವರ್ಷದ ಮೊಮ್ಮಗಳು ನಕ್ಕಳು. ಈ ಸರೋವರದ ಉದ್ದ ಸುಮಾರು 500 ಕಿಲೋಮೀಟರ್, ಅತಿ ಆಳವಾದ ಕಡೆ 281 ಮೀಟರ್. ಅಮೆರಿಕದವರು ಇದನ್ನು ಕೆರೆ ಎಂದು ಕರೆಯುತ್ತಾರೆ!

ನಾವು ಉಳಿದುಕೊಂಡದ್ದು ಪೂರ್ವ ದಡದ ಲಡಿಂಗ್‌ಟನ್ ಎಂಬ ಪುಟ್ಟ ಊರಿನಲ್ಲಿ. ಅಳಿಯ ಹದಿನಾರು ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡಿದ್ದ. ಅದಕ್ಕೆ ಡೌನ್‌ರಿಗ್ಗರ್ ಕೂರಿಸುವುದು ಆ ಬೇಸಿಗೆಯ ಕೆಲಸ.

ಮಕ್ಕಳೇ, ಡೌನ್‌ರಿಗ್ಗರ್ ಎಂದರೆ ಏನು ಗೊತ್ತೇ? ಅಲ್ಲಿ ಸಾಲ್ಮನ್ ಎಂಬ ದೊಡ್ಡ ಮೀನಿದೆ. ಮೂಲತಃ ಇದು ಪೆಸಿಫಿಕ್ ಸಾಗರದ್ದು. ಅಟ್ಲಾಂಟಿಕ್ ಕಡೆಯ ಏಲ್‌ವೈಫ್ ಎಂಬ ಸಣ್ಣ ಮೀನು ಕಾಲುವೆಗಳ ಮೂಲಕ ಒಳಗೆ ಬಂದು ಮಿತಿಮೀರಿ ಹೆಚ್ಚಿತ್ತು. ಅದನ್ನು ತಿನ್ನಲೆಂದು 1966 ಮತ್ತು 1967ರಲ್ಲಿ ಸಾಲ್ಮನ್ ಮರಿಗಳನ್ನು ತಂದು ಬಿಟ್ಟರು. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದರೆ ಸಾಲ್ಮನ್ ತಂಪು ಹುಡುಕಿ ಕೆಳಗಿಳಿಯುತ್ತದೆ. ಗಾಳವನ್ನೂ ಅಷ್ಟು ಕೆಳಗೆ ಒಯ್ಯಬೇಕು.

ಗಾಳದ ದಾರಕ್ಕೇ ನಾಲ್ಕೂವರೆ ಕಿಲೋ ಗುಂಡು ಕಟ್ಟಿದರೆ ಮೀನಿನ ಜೊತೆ ಗುಂಡನ್ನೂ ಎಳೆಯುವ ಕರ್ಮ. ಅದಕ್ಕೇ ಗುಂಡಿಗೆ ಬೇರೆಯೇ ಉಕ್ಕಿನ ತಂತಿ, ಸುತ್ತಲು ಒಂದು ರಾಟೆ, ದೋಣಿಯಿಂದ ಆಚೆ ಚಾಚುವ ಒಂದು ತೋಳು. ಗುಂಡಿನ ಹತ್ತಿರ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದು ಗಾಳದ ದಾರವನ್ನು ಕಚ್ಚಿಕೊಂಡಿರುತ್ತದೆ. ಮೀನು ಕಚ್ಚಿ ಎಳೆದರೆ ಕ್ಲಿಪ್ಪು ಬಿಡುತ್ತದೆ, ಬಗ್ಗಿದ್ದ ಕೋಲು ಸಟಕ್ಕನೆ ಮೇಲೇಳುತ್ತದೆ. ಆಮೇಲೆ ಮೀನು, ನಾವು, ಇಬ್ಬರೇ. ನನ್ನ ಬಾಲ್ಯದಲ್ಲಿ ಗಂಗೊಳ್ಳಿಯ ಮೊಗವೀರರು ಕೈಗಾಳಕ್ಕೆ ಸೀಸದ ಗುಂಡು ಕಟ್ಟುತ್ತಿದ್ದುದನ್ನು ನೋಡಿದ್ದೆ. ಇದು ಅದರದೇ ದೊಡ್ಡ ಸಂಸಾರ.

ಕೂರಿಸುವುದು ಸುಲಭವಲ್ಲ. ದೋಣಿಯ ಮೇಲಂಚು ತೆಳು ತಗಡು. ಅದಕ್ಕೆ ಬರೀ ಸ್ಕ್ರೂ ಹಾಕಿದರೆ, ಗುಂಡು ತಳದಲ್ಲಿ ಸಿಕ್ಕಿಕೊಂಡ ದಿನ ತಗಡೇ ಹರಿದು ಹೋಗುತ್ತದೆ. ಆದ್ದರಿಂದ ಅಂಚಿನ ಅಡಿಗೆ ದಪ್ಪ ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ಎರಡಕ್ಕೂ ತೂತು ಕೊರೆದು, ಸ್ಟೇನ್‌ಲೆಸ್ ಬೋಲ್ಟು ತೂರಿಸಿ, ಅಗಲದ ವಾಷರ್ ಹಾಕಿ, ಸಡಿಲವಾಗದ ನಟ್ಟಿನಿಂದ ಬಿಗಿಯಬೇಕು. ನೀರು ಇಳಿಯದಂತೆ ತೂತಿಗೆ ಸೀಲಂಟ್ ಮೆತ್ತಬೇಕು. ನಮ್ಮ ಬ್ಯಾಂಕಿನಲ್ಲಿ ತಿಜೋರಿಯನ್ನು ನೆಲಕ್ಕೆ ಬಿಗಿಯುವಾಗಲೂ ಇದೇ ಶಾಸ್ತ್ರ.

ಅಳತೆಯ ಕೆಲಸ ನನ್ನದು. "ಮಾವ, ಹಿಂದಿನ ಮೂಲೆಯಿಂದ ಹದಿನೆಂಟಕ್ಕೆ ಗುರುತು ಹಾಕಿ" ಎಂದ ಅಳಿಯ. ಊರಿನಿಂದ ಒಯ್ದಿದ್ದ ನನ್ನ ಟೇಪಿನಲ್ಲಿ ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರ್. ಮೂವತ್ತೈದು ವರ್ಷ ಲೆಡ್ಜರ್ ಬರೆದವನು ಯಾವ ಕಡೆ ಓದಿದೆ ಹೇಳಿ? ಹೌದು. ಡ್ರಿಲ್ಲು ಗರ್ರೆಂದು ಒಂದು ತೂತು ಬಿದ್ದ ಮೇಲೆ ಅಳಿಯ ತೋಳನ್ನಿಟ್ಟು ನೋಡಿದ. ಅದು ಎಂಜಿನ್ನಿಗೆ ತಾಗುತ್ತಿತ್ತು.

ಅವನು ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು. ನಾನು ಹೋಗಿ ಕಾರಿನಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಮೊಮ್ಮಗಳು ಬಂದು, "ಅಜ್ಜಾ, ಆ ತೂತಿಗೆ ಒಂದು ಬೋಲ್ಟ್ ಹಾಕಿ ಮುಚ್ಚಿದ್ವಿ. ಅದು ಅಜ್ಜನ ಬೋಲ್ಟ್ ಅಂತೆ" ಎಂದಳು. ಹೊಸ ಜಾಗಕ್ಕೆ ನಾಲ್ಕು ತೂತು ಅಳೆದದ್ದು ಅವಳೇ.

ಮರುದಿನ ಬೆಳಿಗ್ಗೆ ನೀರಿಗಿಳಿದೆವು. ಮೂವರಿಗೂ ಲೈಫ್ ಜಾಕೆಟ್. ಹದಿನೇಳು ತುಂಬದವರಿಗೆ ಅಲ್ಲಿ ಮೀನು ಹಿಡಿಯಲು ಲೈಸೆನ್ಸ್ ಬೇಡ. ನನಗೆ ಬೇಕಿತ್ತು, ಮಾಡಿಸಿರಲಿಲ್ಲ. ಹಾಗಾಗಿ ಗಾಳ ಮುಟ್ಟದೆ, ಆಳ ತೋರಿಸುವ ಯಂತ್ರ ನೋಡಿ ಅಡಿಗಳನ್ನು ಕೂಗುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಪಾಲಿಗೆ ಬಂತು. 80, 78, 75. ಗುಂಡು ಐವತ್ತು ಅಡಿಯಲ್ಲಿ ತೇಲುತ್ತಾ ಬರುತ್ತಿತ್ತು.

ಅಷ್ಟರಲ್ಲಿ ಬಂದರಿನಿಂದ ಬ್ಯಾಜರ್ ಹಡಗು ಹೊಗೆಯುಗುಳುತ್ತಾ ಹೊರಟಿತು. ಕಾರುಗಳನ್ನೂ ಜನರನ್ನೂ ಹೊತ್ತು ಆಚೆ ದಡದ ವಿಸ್ಕಾನ್ಸಿನ್‌ಗೆ ಹೋಗುವ, ಕಲ್ಲಿದ್ದಲಿನಿಂದ ಓಡುವ ಹಬೆ ಹಡಗು. ಅದು ನೀರಿಗಿಳಿದದ್ದು 1952ರಲ್ಲಿ. ನನಗಿಂತ ಒಂದೇ ವರ್ಷ ಚಿಕ್ಕದು. ಮೊಮ್ಮಗಳಿಗೆ ಅದನ್ನು ತೋರಿಸುತ್ತಾ ಕೂತೆ. ಕೂಗುವುದು ಮರೆತೇಹೋಯಿತು.

ಡೌನ್‌ರಿಗ್ಗರ್ ತೋಳು ಕಿರ್ ಎಂದಿತು. ದೋಣಿಯ ಹಿಂದಿನ ಎಡ ಮೂಲೆ ಒಮ್ಮೆಲೇ ನೀರಿಗೆ ಬಗ್ಗಿತು. ನೆಲ ಮೇಲೆ ಬಂದಿತ್ತು, ಗುಂಡು ಯಾವುದೋ ಕಲ್ಲಿಗೋ ಮರಕ್ಕೋ ಸಿಕ್ಕಿತ್ತು. ಅಂಚಿಗೂ ನೀರಿಗೂ ನಾಲ್ಕು ಬೆರಳಷ್ಟೇ ಅಂತರ. ಮೊಮ್ಮಗಳ ಉಗುರು ನನ್ನ ಅಂಗೈಗೆ ನಾಟಿತು. ಅಳಿಯ ಎಂಜಿನ್ ನಿಲ್ಲಿಸಿ, ರಾಟೆಯ ಬಿಗಿ ಸಡಿಲಿಸಿದ. ತಂತಿ ಝರ್ರನೆ ಬಿಚ್ಚಿಕೊಂಡಿತು, ದೋಣಿ ನೆಟ್ಟಗಾಯಿತು. ಆಮೇಲೆ ಮೆಲ್ಲಗೆ ತಂತಿ ಸುತ್ತುತ್ತಾ ದೋಣಿಯನ್ನೇ ಗುಂಡಿನ ನೆತ್ತಿಗೆ ತಂದು ನೇರ ಮೇಲಕ್ಕೆಳೆದಾಗ ಬಿಟ್ಟಿತು.

ನಾನು ಬಗ್ಗಿ ಅಂಚಿನ ಅಡಿಗೆ ಕೈಯಾಡಿಸಿದೆ. ಪಟ್ಟಿ ಅಲುಗಿರಲಿಲ್ಲ.

"ತಪ್ಪು ನನ್ನದು ಮಾರಾಯ" ಎಂದೆ. ಅಳಿಯ ಹಣೆಯ ಬೆವರು ಒರೆಸಿಕೊಂಡು, "ಆ ಹಡಗನ್ನು ನಾನೂ ನೋಡ್ತಾ ಇದ್ದೆ ಮಾವ" ಎಂದ. ನಿಜವೋ, ನನ್ನ ಮುಖ ನೋಡಿ ಹೇಳಿದ್ದೋ, ಕೇಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಕೋಲು ಸಟಕ್ಕನೆ ಎದ್ದಿತು. ಮೊಮ್ಮಗಳು ಸುತ್ತಿದಳು, ಕೈ ಸೋತಾಗ ಅಪ್ಪ ಹಿಡಿದ. ಬೆಳ್ಳಿ ಬಣ್ಣದ ಸಾಲ್ಮನ್. ಸಂಜೆ ಮಗಳು ತೆಂಗಿನಕಾಯಿ ಅರೆದು, ಬ್ಯಾಡಗಿ ಮೆಣಸು ಹಾಕಿ ಸಾರು ಮಾಡಿದಳು. ನಮ್ಮ ಬಂಗುಡೆಯ ರುಚಿ ಬರಲಿಲ್ಲ ಎಂದು ನಾನಂದರೆ ಮನೆಯಲ್ಲಿ ಜಗಳ. ಜಿಡ್ಡು ಸ್ವಲ್ಪ ಜಾಸ್ತಿ, ಅಷ್ಟೇ.

ಈಗ ಊರಿಗೆ ಮರಳಿ ನಾಲ್ಕು ತಿಂಗಳು. ಮೊನ್ನೆ ವಿಡಿಯೋ ಕರೆಯಲ್ಲಿ ಮೊಮ್ಮಗಳು ದೋಣಿ ತೋರಿಸಿದಳು. ಹಿಮಕ್ಕೆಂದು ಹೊದಿಸಿದ್ದ ನೀಲಿ ಟಾರ್ಪಾಲನ್ನು ಮೂಲೆಯಲ್ಲಿ ಸರಿಸಿ ಅಜ್ಜನ ಬೋಲ್ಟನ್ನೂ ತೋರಿಸಿದಳು. ಬಲಗಡೆಗೆ ಇನ್ನೊಂದು ಡೌನ್‌ರಿಗ್ಗರ್ ತಂದಿದ್ದಾರಂತೆ. ನಾನು ಹೋದ ಮೇಲೇ ಕೂರಿಸುವುದಂತೆ. ಟೇಪು ಮಾತ್ರ ಅಲ್ಲಿಯದೇ.